ಬಿ.ಕಾಂ.ಗೆ ಗೇಮಿಂಗ್ ಲ್ಯಾಪ್‌ಟಾಪ್ ಏಕೆ?



ಕಾಲೇಜು ಶುರುವಾಗುವ ಹೊತ್ತಿಗೆ ಕೆಲವು ಅಂಗಡಿಯವರು ಬಿ.ಕಾಂ., ಬಿ.ಎ. ಮಕ್ಕಳಿಗೂ ಗೇಮಿಂಗ್ ಲ್ಯಾಪ್‌ಟಾಪ್ ದಾಟಿಸುತ್ತಾರೆ. ಎರಡು ಕಿಲೋ ಮೀರುವ ಆ ಯಂತ್ರವನ್ನೂ ಇಟ್ಟಿಗೆಯಂಥ ಚಾರ್ಜರನ್ನೂ ಹೊತ್ತು ನಿತ್ಯ ಬಸ್ಸಿನಲ್ಲಿ ನೇತಾಡುವವರು ಮಕ್ಕಳೇ ತಾನೆ! ಟ್ಯಾಲಿ, ಎಕ್ಸೆಲ್, ನುಡಿಗೆ 8 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ ಧಾರಾಳ. ಎಂಜಿನಿಯರಿಂಗ್ ಆದರೆ 16 ಜಿಬಿ ಇರಲಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕೇ ಎಂಬುದನ್ನು ಅಂಗಡಿಯವರನ್ನಲ್ಲ, ಅದೇ ವಿಭಾಗದ ಹಿರಿಯ ವಿದ್ಯಾರ್ಥಿಗಳನ್ನು ಕೇಳಿ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರೂ ಎಚ್ಚರ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಇಂಟೆಲ್ 8ನೇ ತಲೆಮಾರಿಗಿಂತ ಹಿಂದಿನ ಬಹುತೇಕ ಪ್ರೊಸೆಸರ್‌ಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಯಾವ ಕೋರ್ಸಿಗೆ ಎಂಥ ಲ್ಯಾಪ್‌ಟಾಪ್ ಸಾಕು ಎಂಬುದನ್ನು ಕಾಲೇಜುಗಳು ಪ್ರವೇಶದ ದಿನವೇ ನೋಟಿಸ್ ಬೋರ್ಡಿಗೆ ಹಾಕಲಿ.

– ವಿದ್ಯಾರ್ಥಿಯೊಬ್ಬರ ತಾಯಿ, ಹಾಸನ