ಕಾನೂನಿನ ನೆರವು ಪಂಚಾಯಿತಿ ಕಟ್ಟೆಗೆ ಬರಲಿ

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಬಂಧುಗಳಲ್ಲಿ ಒಂದು ಮನವಿ



ದುಡ್ಡಿಲ್ಲವೆಂಬ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು ಎಂಬ ಮಾತು 1976ರಲ್ಲೇ 39ಎ ವಿಧಿಯಾಗಿ ನಮ್ಮ ಸಂವಿಧಾನಕ್ಕೆ ಸೇರಿತು. ಅದನ್ನು ನಡೆಸಿಕೊಡಲು 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಬಂತು. 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಈ ಕಾಯ್ದೆಯ 12ನೇ ಕಲಮನ್ನು ನಮ್ಮ ಮೂರು ತಾಲ್ಲೂಕಿನವರು ಒಮ್ಮೆ ಓದಿಸಿ ಕೇಳಬೇಕು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಜೀತಕ್ಕೆ ಸಿಕ್ಕವರು, ಕೈಗಾರಿಕಾ ಕಾರ್ಮಿಕರು, ಬರ ಮತ್ತು ನೆರೆಗೆ ತುತ್ತಾದವರು ಇವರೆಲ್ಲರಿಗೂ ಆದಾಯದ ಲೆಕ್ಕ ಕೇಳದೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಬೇಕು. ಉಳಿದವರಿಗೂ ಆದಾಯದ ಮಿತಿಯೊಳಗಿದ್ದರೆ ಅದೇ ಸವಲತ್ತು. ರೇಷ್ಮೆ ನೂಲು ಬಿಚ್ಚುವವರು, ಕ್ವಾರಿಯಲ್ಲಿ ಕಲ್ಲು ಒಡೆಯುವವರು, ಕಾಫಿ ತೋಟದ ಕೂಲಿಗೆ ಊರು ಬಿಡುವವರು, ಕಾಡಿನ ಪೋಡುಗಳಲ್ಲಿ (ಹಾಡಿಗಳಲ್ಲಿ) ಬದುಕುವ ಸೋಲಿಗ ಗಿರಿಜನರು ತುಂಬಿರುವ ಈ ಸೀಮೆಯಲ್ಲಿ ಈ ಕಲಮಿನ ಹೊರಗೆ ಉಳಿಯುವ ಮನೆಗಳು ಎಷ್ಟಿದ್ದಾವು? ಹಾಗಿದ್ದರೂ ಕಷ್ಟ ಬಂದಾಗ ನಮಗೆ ಮೊದಲು ನೆನಪಾಗುವುದು ಪರಿಚಯದ ಮುಖಂಡ, ಇಲ್ಲವೇ ಕಚೇರಿ ಬಾಗಿಲಲ್ಲಿ ನಿಂತಿರುವ ದಲ್ಲಾಳಿ. ಕಾನೂನು ಕೋರ್ಟಿನ ಆವರಣದಲ್ಲಿದೆ, ಕಷ್ಟ ಹಳ್ಳಿಯಲ್ಲಿದೆ, ನಡುವೆ ಕೈಹಿಡಿದು ಕರೆದೊಯ್ಯುವವರಿಲ್ಲ. ಆ ಜಾಗವನ್ನು ತುಂಬಬೇಕು, ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ವಾರಕ್ಕೊಮ್ಮೆಯಾದರೂ ಕಾನೂನು ನೆರವಿನ ಮೇಜು ಕೂರಬೇಕು ಎಂದು ಒತ್ತಾಯಿಸುವುದೇ ಈ ಕರಪತ್ರದ ಉದ್ದೇಶ.

ಜೊತೆಗೆ ನಿಲ್ಲುವವರಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲೇ ಇದೆ. ವನ್ಯಜೀವಿ ಕಾಯ್ದೆಯ ತಿದ್ದುಪಡಿಯ ಬಲದಿಂದ 2006ರಲ್ಲಿ ಅಲ್ಲಿನ ಸೋಲಿಗರು ಜೇನು, ನೆಲ್ಲಿಕಾಯಿ, ಪಾಚಿ ತಂದು ಮಾರುವುದಕ್ಕೆ ತಡೆ ಬಿತ್ತು. ಅದೇ ವರ್ಷ ಸಂಸತ್ತು ಅರಣ್ಯ ಹಕ್ಕು ಕಾಯ್ದೆಯನ್ನೂ ಅಂಗೀಕರಿಸಿತು. ಹಕ್ಕು ಕಾಗದದ ಮೇಲೆ ಬಂತು, ಆದರೆ ಅದನ್ನು ಕೇಳಿ ಪಡೆಯಲು ಗ್ರಾಮಸಭೆ ಸೇರಬೇಕು, ಅರಣ್ಯ ಹಕ್ಕು ಸಮಿತಿ ರಚಿಸಬೇಕು, ನಕ್ಷೆ ಬರೆಯಬೇಕು, ಅರ್ಜಿ ಉಪವಿಭಾಗ ಸಮಿತಿಯಿಂದ ಜಿಲ್ಲಾ ಸಮಿತಿಗೆ ದಾಟಬೇಕು. ತಿರಸ್ಕಾರವಾದರೆ ಮೇಲ್ಮನವಿಗೆ 60 ದಿನ ಮಾತ್ರ. ಅಕ್ಷರ ಬಲ್ಲವರೇ ತಡವರಿಸುವ ಈ ದಾರಿಯಲ್ಲಿ ಸೋಲಿಗರ ಸಂಘವು ಪೋಡು ಪೋಡಿಗೆ ಹೋಗಿ ಸಭೆ ಸೇರಿಸಿತು. 1981ರಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಮತ್ತು ಪರಿಸರ ಅಧ್ಯಯನದ ಏಟ್ರೀ ಸಂಸ್ಥೆಯ ಸಂಶೋಧಕರು ಜೊತೆಯಾದರು. ಹಿರಿಯರು ಕಾಡಿನಲ್ಲಿ ಮುಂದೆ ನಡೆದು ತಮ್ಮ ಕುಲಗಳ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿಗಳ ಜಾಗ ತೋರಿಸಿದರು. ಹಿಂದೆ ಬಂದವರು ಒಂದೊಂದನ್ನೂ ನಕ್ಷೆಗೆ ಇಳಿಸಿದರು. ಓದು ಬರಹ ತಿಳಿಯದ ಅಜ್ಜನ ನೆನಪು ಹೀಗೆ ಸರ್ಕಾರ ಒಪ್ಪಬೇಕಾದ ದಾಖಲೆಯಾಯಿತು. ಹಿರಿಯರ ಹೇಳಿಕೆಯನ್ನು ಪುರಾವೆಯಾಗಿ ಪಡೆಯಬೇಕೆಂದು ಈ ಕಾಯ್ದೆಯ ನಿಯಮವೇ ಹೇಳುತ್ತದೆ. 2011ರ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರ ಬಂತು. ಅಷ್ಟರಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಗಿತ್ತು, ಹುಲಿ ಕಾಡಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಹಕ್ಕುಪತ್ರ ಬಂದ ಮೇಲೂ ತಕರಾರುಗಳು ಮುಗಿದಿಲ್ಲ, ನಿಜ. ಆದರೆ ಈಗ ಅವರು ಕೈಯಲ್ಲಿ ಕಾಗದ ಹಿಡಿದು ತಕರಾರು ಎತ್ತುತ್ತಾರೆ. ವಕೀಲರೊಬ್ಬರೇ ಬಂದಿದ್ದರೆ ಇದು ಆಗುತ್ತಿರಲಿಲ್ಲ, ಸಂಘವೊಂದೇ ಕೂಗಾಡಿದ್ದರೂ ಆಗುತ್ತಿರಲಿಲ್ಲ.

ಜೊತೆಗೆ ನಿಲ್ಲುವವರು ಇಲ್ಲದಾಗ ಏನಾಗುತ್ತದೆ ಎಂಬುದೂ ಈ ಸೀಮೆಗೆ ಗೊತ್ತು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ಕಾಡುಗಳ್ಳ ವೀರಪ್ಪನ್ ತಂಡ ಇಟ್ಟ ನೆಲಬಾಂಬಿಗೆ 22 ಜನ ಬಲಿಯಾದರು. ಆ ಕೃತ್ಯಕ್ಕೆ ಕ್ಷಮೆಯಿಲ್ಲ. ಆದರೆ ಅದರ ಬೆನ್ನಿಗೆ ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗಳಿಂದಲೂ ತಮಿಳುನಾಡಿನ ಗಡಿ ಊರುಗಳಿಂದಲೂ ನೂರಕ್ಕೂ ಹೆಚ್ಚು ಜನ ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯಡಿ ಮೈಸೂರು ಜೈಲು ಸೇರಿದರು. ಆ ಕಾಯ್ದೆಯಲ್ಲಿ ಜಾಮೀನು ಸಿಗುವುದು ಕನಸಿನ ಮಾತು. 2001ರಲ್ಲಿ ತೀರ್ಪು ಬಂದಾಗ ಅವರಲ್ಲಿ ಬಹುಪಾಲು ಜನರ ಮೇಲಿನ ಆರೋಪ ಸಾಬೀತಾಗಿರಲಿಲ್ಲ. ಅಷ್ಟು ವರ್ಷ ಅವರ ಹೊಲ ಉಳುವವರಿರಲಿಲ್ಲ, ಮಕ್ಕಳನ್ನು ಸ್ಕೂಲಿಗೆ ಕಳಿಸುವವರಿರಲಿಲ್ಲ. ಮಾನವ ಹಕ್ಕುಗಳ ಸಂಘಟನೆಗಳು ಬೆನ್ನುಬಿಡದೆ ದೂರು ಕೊಟ್ಟ ಮೇಲೆ 1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ನೇಮಿಸಿತು. ವೀರಪ್ಪನ್ ಬೇಟೆಯ ಪೊಲೀಸ್ ಕಾರ್ಯಾಚರಣೆಯಲ್ಲಿ ದೌರ್ಜನ್ಯಕ್ಕೆ ಒಳಗಾದ 89 ಜನರಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು 2007ರಲ್ಲಿ ಆಯೋಗ ಹೇಳಿತು. ನೊಂದವರು ಹೊರಗೆ ಬಂದು ಹೇಳಿಕೆ ಕೊಟ್ಟಿದ್ದರಿಂದ ಅಷ್ಟಾದರೂ ಆಯಿತು. ಬರಲು ಹೆದರಿದವರ ನೋವು ಯಾವ ಕಡತದಲ್ಲೂ ಇಲ್ಲ. ಬಂಧನದ ಮೊದಲ ದಿನವೇ ಒಬ್ಬ ವಕೀಲರು ಠಾಣೆಗೆ ಬಂದಿದ್ದರೆ ಎಷ್ಟು ಸಂಸಾರ ಉಳಿಯುತ್ತಿತ್ತು ಎಂದು ಈಗಲಾದರೂ ಕೇಳಿಕೊಳ್ಳಬೇಕು.

ಅದು ಹಳೆಯ ಕಾಲದ ಮಾತಲ್ಲವೇ ಎನ್ನುವವರು ಮಹದೇಶ್ವರ ಬೆಟ್ಟದ ಬಳಿಯ ಇಂಡಿಗನತ್ತದಲ್ಲಿ 2024ರಲ್ಲಿ ನಡೆದುದನ್ನು ನೆನೆಯಲಿ. ರಸ್ತೆ, ನೀರು, ಕರೆಂಟು ಇಲ್ಲವೆಂದು ಮತದಾನ ಬಹಿಷ್ಕರಿಸಿದ ಊರು ಏಪ್ರಿಲ್ 26ರಂದು ಗಲಭೆಗೆ ತಿರುಗಿ ಮತಗಟ್ಟೆ ಧ್ವಂಸವಾಯಿತು. ಹಲವರ ಬಂಧನವಾಯಿತು, ಉಳಿದವರು ಪೊಲೀಸರ ಭಯಕ್ಕೆ ಊರು ತೊರೆದರು, 29ಕ್ಕೆ ಮರುಮತದಾನ ನಡೆಯಿತು. ಮತಯಂತ್ರ ಒಡೆದದ್ದು ತಪ್ಪೇ. ಆದರೆ ಒಂದು ಊರಿನ ರಸ್ತೆಯ ಬೇಡಿಕೆ ಅಲ್ಲಿಗೆ ಮುಟ್ಟುವ ಮೊದಲು ಅದನ್ನು ಅರ್ಜಿಯಾಗಿಸಿ, ಸ್ವೀಕೃತಿ ಪಡೆದು, ಜಿಲ್ಲಾಧಿಕಾರಿಯವರೆಗೂ, ಬೇಕಾದರೆ ಹೈಕೋರ್ಟಿನವರೆಗೂ ಕೊಂಡೊಯ್ಯುವ ದಾರಿಯನ್ನು ಯಾರಾದರೂ ತೋರಿಸಬೇಕಿತ್ತು. ಮಹದೇಶ್ವರ ಬೆಟ್ಟದಿಂದ ಕೊಳ್ಳೇಗಾಲಕ್ಕೆ ಸುಮಾರು 80 ಕಿಲೋಮೀಟರ್. ಒಂದು ಕಾಗದಕ್ಕೆ ಬಂದು ಹೋದರೆ ಒಂದು ದಿನದ ಕೂಲಿಯೂ ಬಸ್ ಚಾರ್ಜೂ ಕೈಬಿಟ್ಟ ಹಾಗೆ. ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ ಎಂದರೆ ಎರಡು ದಿನ.

ಇನ್ನು ಮನೆ ಮನೆಯ ಸಂಕಟವಾಗಿರುವ ಸಂಘದ ಸಾಲದ, ಅಂದರೆ ಮೈಕ್ರೋಫೈನಾನ್ಸ್ ಗುಂಪು ಸಾಲದ ವಿಚಾರ. 2025ರ ಆರಂಭದಲ್ಲಿ ಕಂತು ವಸೂಲಿಯ ಕಾಟ ತಾಳದೆ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಜನ ಮನೆಗೆ ಬೀಗ ಹಾಕಿ ಹೊರಟದ್ದು ರಾಜ್ಯಕ್ಕೇ ಸುದ್ದಿಯಾಯಿತು. ಫೆಬ್ರವರಿ 12ರಂದು ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು, ಮುಂದೆ ಅದೇ ಕಾಯ್ದೆಯಾಯಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಉಂಟು. ಮೈಕ್ರೋಫೈನಾನ್ಸ್ ಸಾಲಗಾರರಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನು ಮಾಡಿ ಪೀಡಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ನೋಂದಣಿಯಾದ ಸಂಸ್ಥೆಯ ಸಾಲವನ್ನು ಕಟ್ಟಲೇಬೇಕು, ಸಾಲ ಮನ್ನಾ ಆಯಿತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಕಂತು ತಪ್ಪಿದ್ದಕ್ಕೆ ಅವಮಾನ ಸಹಿಸಬೇಕಿಲ್ಲ. ಇಲ್ಲಿನ ಕಷ್ಟದ ಸ್ವರೂಪವನ್ನೂ ನೋಡಿ. ಗುಂಪಿನಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರು ತುಂಬಿಕೊಡಬೇಕು. ಹಾಗಾಗಿ ಬಾಗಿಲಿಗೆ ಬಂದು ಕೂರುವವರು ಸಂಸ್ಥೆಯವರಷ್ಟೇ ಅಲ್ಲ, ಪಕ್ಕದ ಮನೆಯ ಅಕ್ಕನೂ ಹೌದು. ಠಾಣೆಯಲ್ಲಿ ಕೊಟ್ಟ ದೂರು ಏಜೆಂಟನನ್ನು ತಡೆದೀತು, ಒಡೆದ ನೆರೆಹೊರೆಯನ್ನು ಕೂಡಿಸಲಾರದು. ಅದಕ್ಕೆ ಗುಂಪಿನ ಹೆಂಗಸರನ್ನೆಲ್ಲ ಕೂರಿಸಿ ಲೆಕ್ಕ ಬಿಡಿಸಿ, ಕಂತನ್ನು ಹೊಂದಿಸಿಕೊಡುವಂತೆ ಸಂಸ್ಥೆಯೊಡನೆ ಮಾತಾಡುವವರು ಬೇಕು. ಕಾನೂನಿನ ನೆರವೂ ಸಮುದಾಯದ ನೆರವೂ ಒಟ್ಟಿಗೇ ಇರಬೇಕೆಂದು ನಾವು ಹೇಳುವುದು ಈ ಕಾರಣಕ್ಕೆ.

ಮನೆಯೊಳಗಿನ ಹೊಡೆತ ಬಡಿತದ ವಿಚಾರವೂ ಹಾಗೆಯೇ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ನೊಂದ ಹೆಂಗಸಿಗೆ ರಕ್ಷಣೆ, ವಾಸದ ಹಕ್ಕು, ಜೀವನಾಂಶ ಕೊಡುತ್ತದೆ. ಅರ್ಜಿಯನ್ನು 60 ದಿನದಲ್ಲಿ ಮುಗಿಸಲು ಯತ್ನಿಸಬೇಕೆಂದು ಕೋರ್ಟಿಗೂ ಹೇಳುತ್ತದೆ. ಆದರೆ ಅರ್ಜಿ ಕೊಟ್ಟ ರಾತ್ರಿ ಆಕೆ ಎಲ್ಲಿ ಮಲಗಬೇಕು? ಮಕ್ಕಳ ಸ್ಕೂಲು ಏನಾಗಬೇಕು? ಸಾಂತ್ವನ ಕೇಂದ್ರ, ಸಖಿ ಕೇಂದ್ರ, ಅಂಗನವಾಡಿ, ಆಶಾ ಕಾರ್ಯಕರ್ತೆ ಇವೆಲ್ಲ ಕೊಂಡಿಯಂತೆ ಸೇರಿಕೊಂಡಾಗ ಮಾತ್ರ ಆಕೆ ಕೋರ್ಟಿನ ಮುಂದಿನ ವಾಯಿದೆಗೆ ಬರುತ್ತಾಳೆ. ಇಲ್ಲದಿದ್ದರೆ ರಾಜಿಯ ಹೆಸರಲ್ಲಿ ಅದೇ ಮನೆಗೆ ಮರಳುತ್ತಾಳೆ. ಬಾಲ್ಯವಿವಾಹಕ್ಕೂ ಇದೇ ಮಾತು: ನಮ್ಮ ರಾಜ್ಯದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲಿಂದಲೇ ಅಸಿಂಧು. ಆದರೆ 1098ಕ್ಕೆ ಫೋನು ಮಾಡಿದ ಹುಡುಗಿ ಮರುದಿನ ಶಾಲೆಗೆ ಹೋಗುವಂತೆ ನೋಡಿಕೊಳ್ಳುವುದು ಊರಿನವರ ಕೆಲಸ.

ಊರಿನ ಯಜಮಾನರು, ಕುಲದ ಹಿರಿಯರು ಇದ್ದಾರಲ್ಲ, ಕೋರ್ಟು ಕಚೇರಿ ಏಕೆ ಎಂದು ಕೆಲವರು ಕೇಳುತ್ತಾರೆ. ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬದುವಿನ ಜಗಳ, ನೀರಿನ ಸರದಿ, ದಾಯಾದಿಗಳ ಮುನಿಸು ಎಷ್ಟೋ ಸಲ ಅರಳಿಕಟ್ಟೆಯಲ್ಲೇ ಬಗೆಹರಿದಿವೆ, ಮುಂದೆಯೂ ಬಗೆಹರಿಯಲಿ. ಆದರೆ ಆ ಕಟ್ಟೆಯ ಮೇಲೆ ಹೆಂಗಸರು ಕೂರುವುದುಂಟೇ? ಬೇರೆ ಜಾತಿಯಲ್ಲಿ ಮದುವೆಯಾದವರಿಗೆ ದಂಡ ಹಾಕಿ, ಬೆಂಕಿ ನೀರು ನಿಲ್ಲಿಸುವ ಅಧಿಕಾರ ಯಾರಿಗೂ ಇಲ್ಲ. ವಯಸ್ಕರ ಮದುವೆಗೆ ಇಂಥ ಕೂಟಗಳು ಅಡ್ಡಬರುವುದು ಕಾನೂನುಬಾಹಿರವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಪರಿಶಿಷ್ಟರ ಮೇಲೆ ಬಹಿಷ್ಕಾರ ಹೇರಿದರೆ ಅದು ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ರಾಜಿಯೇ ಬೇಕೆನ್ನುವವರಿಗೆ ಲೋಕ ಅದಾಲತ್ ಇದೆ. ಅಲ್ಲಿ ಒಪ್ಪಿದ್ದು ಕೋರ್ಟಿನ ಡಿಕ್ರಿಗೆ ಸಮ, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಬರುತ್ತದೆ. ಹಿರಿಯರು ತಮ್ಮ ಅನುಭವವನ್ನು ಅಲ್ಲಿಗೆ ತರಲಿ.

ಬಿಟ್ಟಿ ವಕೀಲರು ಮನಸ್ಸಿಟ್ಟು ವಾದಿಸುವುದಿಲ್ಲ ಎಂಬ ದೂರಿನಲ್ಲಿ ಹುರುಳಿದೆ. ಅವರಿಗೆ ಸಿಗುವ ಸಂಭಾವನೆ ಕಡಿಮೆ. ಅದು ಹೆಚ್ಚಬೇಕು ಎಂಬುದೂ ನಮ್ಮ ಬೇಡಿಕೆಯೇ. ಆದರೆ ಕಕ್ಷಿದಾರರಿಗೆ ತಮ್ಮ ಕೇಸಿನ ದಿನಾಂಕವೇ ತಿಳಿಯದಿದ್ದಾಗ ಫೀಸು ಕೊಟ್ಟು ಹಿಡಿದ ವಕೀಲರೂ ಉದಾಸೀನ ಮಾಡುತ್ತಾರೆ. ಪ್ರತಿ ಪ್ರಕರಣಕ್ಕೂ ಅಕ್ಷರ, ಅಂಕಿ ಸೇರಿ 16 ಸ್ಥಾನಗಳ ಸಂಖ್ಯೆಯೊಂದು ಇರುತ್ತದೆ, ಅದನ್ನು ಹಾಕಿದರೆ ಮುಂದಿನ ವಾಯಿದೆ ಮೊಬೈಲಿನಲ್ಲೇ ಕಾಣುತ್ತದೆ. ಪಂಚಾಯಿತಿಯ ಮೇಜಿನಲ್ಲಿ ಕೂತವರು ಅದನ್ನು ನೋಡಿ ಹೇಳಿದರೂ ಸಾಕು, ಅರ್ಧ ಕೆಲಸ ಆದಂತೆ. ವಕೀಲರು ಸರಿಯಿಲ್ಲದಿದ್ದರೆ ಬದಲಿಸಿಕೊಡಿ ಎಂದು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಬರೆದು ಕೊಡಬಹುದು. ಉಚಿತವಾದರೆ ಸುಳ್ಳು ಕೇಸು ಹೆಚ್ಚುತ್ತವೆ ಎನ್ನುವವರಿಗೆ ಕಾಯ್ದೆಯ 13ನೇ ಕಲಮೇ ಉತ್ತರ ಕೊಡುತ್ತದೆ: ಮೇಲ್ನೋಟಕ್ಕಾದರೂ ಪ್ರಕರಣದಲ್ಲಿ ಸತ್ವವಿದೆ ಎನ್ನಿಸಿದರೆ ಮಾತ್ರ ನೆರವು. ಕೇಳಿದವರಿಗೆ ಕೊಡುತ್ತೇವೆ, ಕೇಳದಿದ್ದರೆ ನಾವೇನು ಮಾಡೋಣ ಎಂದು ಕಚೇರಿಗಳು ಹೇಳಿದರೆ ಅದೂ ನಿಲ್ಲದು. ಆರೋಪಿಗೆ ಉಚಿತ ವಕೀಲರ ಹಕ್ಕಿದೆ ಎಂದು ತಿಳಿಸದೆ, ಆತ ಕೇಳಲಿಲ್ಲವೆಂಬ ಕಾರಣಕ್ಕೆ ವಕೀಲರನ್ನು ಕೊಡದೆ ವಿಚಾರಣೆ ನಡೆಸಿದ್ದ ಪ್ರಕರಣದಲ್ಲಿ 1986ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನೇ ರದ್ದುಮಾಡಿತು. ತಿಳಿಸುವ ಹೊಣೆ ವ್ಯವಸ್ಥೆಯದು.

ನಾವು ಕೇಳುತ್ತಿರುವುದು ಹೊಸ ಯೋಜನೆಯೂ ಅಲ್ಲ, ದೊಡ್ಡ ಖರ್ಚಿನದ್ದೂ ಅಲ್ಲ. ಹಳ್ಳಿಗಳಲ್ಲಿ ಕಾನೂನು ಸೇವಾ ಕೇಂದ್ರ ತೆರೆಯಬೇಕು, ಅಲ್ಲಿ ತರಬೇತಿ ಪಡೆದ ಅರೆ ಕಾನೂನು ಸ್ವಯಂಸೇವಕರು ಕೂರಬೇಕು ಎಂದು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ 2011ರ ನಿಯಮಾವಳಿಯೇ ಹೇಳುತ್ತದೆ. ಪಂಚಾಯಿತಿಗೆ ಕಟ್ಟಡವಿದೆ, ಮೇಜು ಕುರ್ಚಿ ಇವೆ. ಸಂತೆಯ ದಿನ ಕೂತರೆ ಜನ ತಾವಾಗಿಯೇ ಬರುತ್ತಾರೆ. ಸ್ವಯಂಸೇವಕರಲ್ಲಿ ಅರ್ಧದಷ್ಟಾದರೂ ಹೆಂಗಸರಿರಲಿ, ಬೆಟ್ಟದ ಕಡೆ ಸೋಲಿಗರೇ ಇರಲಿ, ಗಡಿ ಊರುಗಳಲ್ಲಿ ತಮಿಳು ಬಲ್ಲವರಿರಲಿ. ಅವರು ಹಣ ಮುಟ್ಟಬಾರದು. ಸೇವೆ ಉಚಿತ ಎಂಬ ಫಲಕ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿರಲಿ. ಇಲ್ಲದಿದ್ದರೆ ಅಲ್ಲೂ ದಲ್ಲಾಳಿಗಳು ಹುಟ್ಟಿಕೊಳ್ಳುತ್ತಾರೆ.

ಆದ್ದರಿಂದ ನಿಮ್ಮ ಊರಿನ ಮುಂದಿನ ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ಎತ್ತಿ. ಬಾಯಿಮಾತಿಗೆ ಬಿಡದೆ ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ನಕಲನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗೂ ಚಾಮರಾಜನಗರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೂ ಕಳಿಸಿ, ಸ್ವೀಕೃತಿ ಪಡೆಯಿರಿ. ಅಲ್ಲಿಯವರೆಗೆ ಯಾರಿಗಾದರೂ ಕಾನೂನಿನ ನೆರವು ತುರ್ತಾಗಿ ಬೇಕಾದರೆ 15100, ಹೆಂಗಸರಿಗೆ 181, ಮಕ್ಕಳಿಗೆ 1098, ಹಿರಿಯ ನಾಗರಿಕರಿಗೆ 14567 ಸಂಖ್ಯೆಗೆ ಫೋನು ಮಾಡಿ. ಕರೆಗೆ ದುಡ್ಡಿಲ್ಲ. ಓದಲು ಬಾರದ ನೆರೆಯವರಿಗೆ ಈ ಹಾಳೆಯನ್ನು ಓದಿ ಹೇಳಿ.