ಆರು ಗಂಟೆಗೆ ಗಡಿಯಿಲ್ಲ

ಹುಟ್ಟಿದ ಮಗು ಅಳಲಿಲ್ಲವೆಂದರೆ ಮನೆಮಂದಿಗೆ ಕೈಕಾಲೇ ಆಡುವುದಿಲ್ಲ. ಹೆರಿಗೆಯ ಹೊತ್ತಿನಲ್ಲಿ ಆಮ್ಲಜನಕ ಸಿಗದೆ ಮಿದುಳಿಗೆ ಪೆಟ್ಟಾದರೆ ಜೀವಕ್ಕೇ ಅಪಾಯ. ಬದುಕಿ ಉಳಿದರೂ ನಡೆ, ನುಡಿ, ಕಲಿಕೆಯ ತೊಂದರೆ ಜನ್ಮಪೂರ್ತಿ ಕಾಡಬಹುದು. ಇಂತಹ ಶಿಶುಗಳನ್ನು ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯವರು ತಲಪಾಡಿ ದಾಟಿಸಿ ಮಂಗಳೂರಿಗೆ ಒಯ್ಯುವುದು ಹೊಸತಲ್ಲ. ಆ ದಾರಿಯಲ್ಲಿ ಮಗುವಿನ ಮೈಬಿಸಿ ಎಷ್ಟಿದೆಯೆಂದು ನೋಡುವವರು ಯಾರು?

ಇಂತಹ ಮಗುವಿನ ಮೈಯನ್ನು 33ರಿಂದ 34 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ 72 ಗಂಟೆ ಹಾಗೇ ಇಟ್ಟು, ಆಮೇಲೆ ನಿಧಾನವಾಗಿ ಬಿಸಿಗೆ ತರುವ ಚಿಕಿತ್ಸೆಯೊಂದಿದೆ. ಹುಟ್ಟಿದ ಆರು ಗಂಟೆಯೊಳಗೆ ಶುರು ಮಾಡಬೇಕು. ಶ್ರೀಮಂತ ದೇಶಗಳಲ್ಲಿ ಇದರಿಂದ ಸಾವು, ಅಂಗವೈಕಲ್ಯ ಕಡಿಮೆಯಾಗಿದೆ. ಅಲ್ಲಿ ಆಂಬುಲೆನ್ಸಿನಲ್ಲೇ ತಂಪು ಮಾಡುವ ಯಂತ್ರವೂ, ತರಬೇತಾದ ನರ್ಸೂ ಇರುತ್ತಾರೆ.

ನಮ್ಮಲ್ಲಿ ಮಾತು ಅಷ್ಟು ಸರಳವಿಲ್ಲ. ಭಾರತ, ಶ್ರೀಲಂಕಾ, ಬಾಂಗ್ಲಾದೇಶದ 408 ಶಿಶುಗಳ ಮೇಲೆ ನಡೆದ ಹೀಲಿಕ್ಸ್ ಅಧ್ಯಯನದ ಫಲಿತಾಂಶ 2021ರಲ್ಲಿ ಹೊರಬಂತು. ತಂಪು ಮಾಡಿದವರಲ್ಲಿ ಶೇ. 42, ಮಾಡದವರಲ್ಲಿ ಶೇ. 31 ಶಿಶುಗಳು ತೀರಿಕೊಂಡಿದ್ದವು. ಇಂತಹ ದೇಶಗಳಲ್ಲಿ ಈ ಚಿಕಿತ್ಸೆ ಬೇಡವೆಂದು ಸಂಶೋಧಕರೇ ಹೇಳಿದರು. ಒಪ್ಪದ ತಜ್ಞರೂ ಇದ್ದಾರೆ, ಚರ್ಚೆ ಇನ್ನೂ ಮುಗಿದಿಲ್ಲ. ಹಾಗಿರುವಾಗ ಇದನ್ನು ನಿರ್ಧರಿಸಬೇಕಾದವರು ನವಜಾತ ಶಿಶು ತಜ್ಞರು. ಆಂಬುಲೆನ್ಸ್ ಡ್ರೈವರ್ ಅಲ್ಲ, ಪಕ್ಕದ ಮನೆಯವರೂ ಅಲ್ಲ. ಯಾರೋ ಹೇಳಿದರೆಂದು ಐಸ್, ಒದ್ದೆಬಟ್ಟೆ ಇಡಲೇಬಾರದು. ಮೈಬಿಸಿ 33ಕ್ಕಿಂತ ಕೆಳಗೆ ಜಾರಿದರೆ ಅದೇ ಇನ್ನೊಂದು ಕುತ್ತು. ಮೈ ಸುಡುವಷ್ಟು ಬಿಸಿ ಮಾಡಿದರೂ ಪೆಟ್ಟಾದ ಮಿದುಳಿಗೆ ಕೇಡೇ.

ಹಾಗಾಗಿ ಮೊದಲು ಬೇಕಾದದ್ದು ದುಬಾರಿ ಯಂತ್ರವಲ್ಲ. ಶಿಶುವಿನ ಮೈಯೊಳಗಿನ ಬಿಸಿಯನ್ನು ಬಿಡದೆ ತೋರಿಸುವ ಥರ್ಮಾಮೀಟರ್, ಆಮ್ಲಜನಕದ ಮಟ್ಟ ನೋಡುವ ಸಾಧನ, ಉಸಿರು ಕೊಡಲು ಬಲ್ಲ ನರ್ಸು, ಹೊರಡುವ ಮೊದಲೇ ಮಂಗಳೂರಿಗೊಂದು ಫೋನು. ಬೆಡ್ ಇದೆಯೇ ಎಂದು ಆಸ್ಪತ್ರೆಯ ಬಾಗಿಲಲ್ಲಿ ನಿಂತು ಕೇಳುವುದರಲ್ಲೇ ಹೊತ್ತು ಹೋಗಬಾರದು. ಹುಟ್ಟಿದ ಸಮಯ, ಅತ್ತ ಸಮಯ, ಕೊಟ್ಟ ಮದ್ದು, ದಾರಿಯುದ್ದದ ಮೈಬಿಸಿ ಇವೆಲ್ಲ ಒಂದು ಚೀಟಿಯಲ್ಲಿ ಮಗುವಿನ ಜತೆಗೇ ಹೋಗಬೇಕು.

108 ಎಂಬ ನಂಬರು ಎರಡೂ ರಾಜ್ಯದಲ್ಲಿ ಒಂದೇ, ಫೋನೆತ್ತುವವರು ಮಾತ್ರ ಬೇರೆ. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಆಂಬುಲೆನ್ಸ್‌ಗಳನ್ನೂ ತಡೆದದ್ದು, ವಿಷಯ ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟು ಹತ್ತಿದ್ದು ನಮಗೆ ನೆನಪಿದೆ. ಇಂದು ರಸ್ತೆ ತೆರೆದಿದೆ. ಆದರೆ ಕಾಸರಗೋಡಿನ ಹೆರಿಗೆ ಆಸ್ಪತ್ರೆಗೂ ಮಂಗಳೂರಿನ ಶಿಶು ವಿಭಾಗಕ್ಕೂ ನೇರ ಸಂಪರ್ಕ ಕೊಡುವ ಲಿಖಿತ ಏರ್ಪಾಡು ಬೇಕು. ಎರಡೂ ಜಿಲ್ಲಾಡಳಿತಗಳು ಕೂತು ಮಾತಾಡಿದರೆ ಆಗುವ ಕೆಲಸವಿದು. ಹುಟ್ಟಿದ ಶಿಶುವಿಗೆ ಉಚಿತ ವಾಹನ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲೇ ಇದೆ. ಆ ವಾಹನದೊಳಗೆ ಏನಿದೆ ಎಂದು ನೋಡುವವರಿಲ್ಲದಿದ್ದರೆ ಉಚಿತವಾಗಿ ಸಿಕ್ಕಿ ಪ್ರಯೋಜನವೇನು?

ಮನೆಯವರೂ ಹೊರಡುವ ಮುಂಚೆ ಮೂರು ಮಾತು ಕೇಳಿಕೊಳ್ಳಿ: ಮೈಬಿಸಿ ಎಷ್ಟಿದೆ, ಜತೆಗೆ ಯಾರು ಬರುತ್ತಾರೆ, ಅಲ್ಲಿ ಬೆಡ್ ಖಚಿತವಾಗಿದೆಯೇ. ಕೇಳಲು ಸಂಕೋಚ ಬೇಡ. ಆ ಆರು ಗಂಟೆಯ ಲೆಕ್ಕ ಮಗು ಹುಟ್ಟಿದ ಗಳಿಗೆಯಿಂದಲೇ ಶುರುವಾಗಿರುತ್ತದೆ.