ಇರುವೆಗೆ ಎರೆಮಣ್ಣಿನ ಗುಣ ಗೊತ್ತೇ?

ಅಣ್ಣಿಗೇರಿಯ ಅಮೃತೇಶ್ವರ ದೇವಾಲಯ ಕಲ್ಯಾಣ ಚಾಲುಕ್ಯರ ಕಾಲದ್ದು. ಅದರ ಚಾವಣಿಯನ್ನು 76 ಕಂಬಗಳು ಹೊತ್ತು ನಿಂತಿವೆ. ಕಂಬ ಎಷ್ಟು ದಪ್ಪವಿರಬೇಕೆಂಬುದನ್ನು ಅಂದಿನ ಶಿಲ್ಪಿಗಳಿಗೆ ತಲೆಮಾರುಗಳ ಅನುಭವವೇ ಹೇಳಿಕೊಡುತ್ತಿತ್ತು. ಇಂದಿನ ಎಂಜಿನಿಯರನಿಗೆ ಇನ್ನೊಂದು ಚಿಂತೆಯೂ ಉಂಟು: ಕಟ್ಟಡ ಭದ್ರವಾಗಿರಬೇಕು, ಆದರೆ ಅದಕ್ಕೆ ಎಷ್ಟು ಕಡಿಮೆ ಉಕ್ಕು ಸಾಕು?

ಪ್ರಶ್ನೆ ಸರಳ, ಲೆಕ್ಕ ಕಠಿಣ. ಹತ್ತು ಉಕ್ಕಿನ ಪಟ್ಟಿಗಳ ಒಂದು ಚೌಕಟ್ಟು. ಪ್ರತಿ ಪಟ್ಟಿಗೂ 42 ಅಳತೆಗಳಲ್ಲಿ ಒಂದನ್ನು ಆರಿಸಬೇಕು. ಆಗ ಸುಮಾರು 17 ಸಾವಿರ ಲಕ್ಷ ಕೋಟಿ ಜೋಡಣೆಗಳಾಗುತ್ತವೆ! ಕಂಪ್ಯೂಟರ್ ಸೆಕೆಂಡಿಗೆ 10 ಲಕ್ಷ ಜೋಡಣೆ ಪರೀಕ್ಷಿಸಿದರೂ 500 ವರ್ಷಕ್ಕಿಂತ ಹೆಚ್ಚು ಬೇಕು.

ಇಲ್ಲಿ ದಾರಿ ತೋರಿದ್ದು ನಿಸರ್ಗ. ರೈತ ಒಳ್ಳೆಯ ತೆನೆಯನ್ನೇ ಬೀಜಕ್ಕೆ ಇಟ್ಟುಕೊಳ್ಳುವಂತೆ, ಉತ್ತಮ ವಿನ್ಯಾಸಗಳನ್ನು ಉಳಿಸಿ, ಬೆರೆಸಿ, ಹೊಸ ಪೀಳಿಗೆ ಪಡೆಯುವುದು ‘ಜೆನೆಟಿಕ್ ಅಲ್ಗಾರಿದಂ’. ಅಮೆರಿಕದ ಜಾನ್ ಹಾಲೆಂಡ್ 1975ರಲ್ಲಿ ಇದರ ಬಗ್ಗೆ ಗ್ರಂಥ ಬರೆದರು. 1992ರಲ್ಲಿ ರಾಜೀವ್ ಮತ್ತು ಕೃಷ್ಣಮೂರ್ತಿ ಎಂಬ ಭಾರತೀಯ ಸಂಶೋಧಕರು ಇಂಥ ಚೌಕಟ್ಟುಗಳಿಗೇ ಅದನ್ನು ಅನ್ವಯಿಸಿ ತೋರಿಸಿದರು. ಅದೇ ವರ್ಷ ಇಟಲಿಯ ಮಾರ್ಕೊ ಡೊರಿಗೊ ಇರುವೆ ಸಾಲಿನಿಂದ ಇನ್ನೊಂದು ವಿಧಾನ ಕಲಿತರು: ಹೆಚ್ಚು ಇರುವೆಗಳು ವಾಸನೆ ಬಿಟ್ಟ ದಾರಿಯೇ ಮುಂದಿನವುಗಳ ದಾರಿ. 1995ರಲ್ಲಿ ಹಕ್ಕಿಗಳ ಹಿಂಡನ್ನು ಅನುಕರಿಸುವ ವಿಧಾನ ಬಂತು.

ಇವುಗಳಲ್ಲಿ ಯಾವುದು ಮೇಲು? ಅಂಗಡಿಯಲ್ಲಿ ಸಿಗುವ ನಿಗದಿತ ಅಳತೆಗಳಲ್ಲಿ ಆರಿಸಬೇಕಾದಾಗ ಜೆನೆಟಿಕ್ ಮತ್ತು ಇರುವೆ ವಿಧಾನಗಳು ಸಹಜವಾಗಿ ಒಗ್ಗುತ್ತವೆ. ಹಕ್ಕಿ ವಿಧಾನ ಬಳಸಲು ಸುಲಭ, ಬೇಗ ಉತ್ತರಕ್ಕೆ ಬರುತ್ತದೆ. ಆದರೆ ಹಿಂಡೆಲ್ಲ ತಪ್ಪು ಮರದ ಮೇಲೆ ಇಳಿದುಬಿಡುವುದೂ ಉಂಟು. ಎಲ್ಲ ಬಗೆಯ ಸಮಸ್ಯೆಗಳನ್ನೂ ಒಟ್ಟಿಗೆ ಹಿಡಿದರೆ ಯಾವ ವಿಧಾನವೂ ಇನ್ನೊಂದಕ್ಕಿಂತ ಮೇಲಲ್ಲ ಎಂದು ವೋಲ್ಪರ್ಟ್ ಮತ್ತು ಮೆಕ್ರೆಡಿ 1997ರಲ್ಲಿ ಗಣಿತದಿಂದಲೇ ಸಾಧಿಸಿದರು. ಆದ್ದರಿಂದ ಹೋಲಿಸುವ ವಿದ್ಯಾರ್ಥಿ ಎಲ್ಲಕ್ಕೂ ಒಂದೇ ಸಮಸ್ಯೆ, ಅಷ್ಟೇ ಪ್ರಯತ್ನಗಳನ್ನು ಕೊಡಬೇಕು. ಇವೆಲ್ಲ ಅದೃಷ್ಟದ ಆಟವನ್ನೂ ಬೆರೆಸಿಕೊಂಡಿರುವುದರಿಂದ ಹಲವು ಸಲ ನಡೆಸಿ ನೋಡಬೇಕು. ಒಮ್ಮೆ ಗೆದ್ದದ್ದು ಗೆಲುವಲ್ಲ.

ಇನ್ನೊಂದು ಎಚ್ಚರ ಇದಕ್ಕಿಂತ ದೊಡ್ಡದು. ಅಣ್ಣಿಗೇರಿ ಸುತ್ತಲಿನ ಎರೆಭೂಮಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದನ್ನು ಲೆಕ್ಕದಲ್ಲಿ ಸೇರಿಸದಿದ್ದರೆ ಕಂಪ್ಯೂಟರಿನ ಇರುವೆ ಅಗ್ಗದ ಅಡಿಪಾಯವನ್ನೇ ಹುಡುಕಿಕೊಡುತ್ತದೆ. ಎರಡೇ ವರ್ಷಕ್ಕೆ ಗೋಡೆ ಸೀಳಬಹುದು. ಹುಡುಕುವ ಕೆಲಸ ಯಂತ್ರದ್ದು. ಏನನ್ನು ಮರೆಯಬಾರದೆಂದು ಹೇಳಿಕೊಡುವ ಹೊಣೆ ಮಾತ್ರ ಮಣ್ಣು ಮುಟ್ಟಿ ನೋಡಿದ ಎಂಜಿನಿಯರನದು.